ನಾಟಕಕ್ಕೆ, ರಸಮಂಜರಿಗೆ ಕೀಬೋರ್ಡ್ ತಗೊಳ್ತಿದ್ದೀರಾ? ಬ್ರ್ಯಾಂಡ್ ಆಮೇಲೆ, ಮೊದಲು ಶ್ರುತಿ, ಕರೆಂಟು, ತೂಕ ನೋಡ್ಕೊಳ್ಳಿ

ಅರಳಗುಪ್ಪೆ (ತಿಪಟೂರು ತಾ.): ಶಿವರಾತ್ರಿ ಕಳೆದು ಯುಗಾದಿ ಹತ್ತಿರ ಬಂತು ಅಂದ್ರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಜಾತ್ರೆ, ತೇರು, ಅದರ ಬೆನ್ನಿಗೇ ನಾಟಕ. ಕುರುಕ್ಷೇತ್ರವೋ, ದಾನಶೂರ ಕರ್ಣವೋ, ಶನಿಪ್ರಭಾವವೋ, ಒಟ್ಟಿನಲ್ಲಿ ರಾತ್ರಿ ಶುರುವಾಗಿ ಬೆಳಕು ಹರಿಯೋವರೆಗೆ ನಡೆಯೋ ಪೌರಾಣಿಕ ನಾಟಕ. ಇದು ಪಾತ್ರಧಾರಿಗಳೇ ದುಡ್ಡು ಹಾಕಿ ಆಡೋ ನಾಟಕ. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು, ಸೈಂಧವನಿಗೆ ಇಷ್ಟು ಅಂತ ಪಾತ್ರಕ್ಕೊಂದು ರೇಟು. ಅಟ್ಟದ ಮೇಲಿನ ಕೊಬ್ಬರಿ ಮಾರಿ ಪಾತ್ರ ಹಿಡಿದವರೂ ಇರ್ತಾರೆ. ತಿಂಗಳುಗಟ್ಟಲೆ ರಾತ್ರಿ ಊಟ ಮುಗಿಸ್ಕೊಂಡು ತಾಲೀಮು, ಬಣ್ಣ ಹಚ್ಚೋದು ಮಾತ್ರ ಒಂದೇ ಒಂದು ರಾತ್ರಿ.

ಆ ಒಂದು ರಾತ್ರಿ ಭೀಮ ಗದೆ ಹೆಗಲಿಗಿಟ್ಟು ಪದ್ಯ ಎತ್ತೋ ಹೊತ್ತಿಗೆ ಸರಿಯಾಗಿ ಜನರೇಟರ್ ಒಂದು ಸಲ ಕೆಮ್ಮತ್ತೆ. ಲೈಟು ಹೋಗಿ ಬರತ್ತೆ. ಲೈಟಿಗೇನೂ ಆಗಲ್ಲ. ಕೀಬೋರ್ಡ್ ಮಾತ್ರ ಆಫ್ ಆಗಿ ಮತ್ತೆ ಆನ್ ಆಗಿರತ್ತೆ, ಅದರ ಜೊತೆಗೆ ಕಪ್ಪು ಎರಡಕ್ಕೆ ಏರಿಸಿಟ್ಟಿದ್ದ ಶ್ರುತಿ ಸೊನ್ನೆಗೆ ಇಳಿದಿರತ್ತೆ. ಭೀಮ ಒಂದು ಕಡೆ, ಕೀಬೋರ್ಡ್ ಇನ್ನೊಂದು ಕಡೆ. ಮುಂದೆ ಕೂತ ಜನಕ್ಕೆ ಇದೆಲ್ಲ ಗೊತ್ತಾಗಲ್ಲ, ‘ಭೀಮನಿಗೆ ರಾಗವೇ ಬರಲ್ಲ’ ಅಂತ ನಕ್ಕು ಬಿಡ್ತಾರೆ. ದುಡ್ಡು ಹಾಕಿದವನ ಮರ್ಯಾದೆ ಹೋಗೋದು ಹೀಗೆ.

ಈ ಸೀಮೆಯಲ್ಲಿ ಈಗ ಹಾರ್ಮೋನಿಯಂ ಪಕ್ಕದಲ್ಲೊಂದು ಕೀಬೋರ್ಡ್, ಒಂದು ರಿದಂ ಪ್ಯಾಡ್ ಇಲ್ಲದ ನಾಟಕ ಕಡಿಮೆ. ಗಣೇಶನ ಪೆಂಡಾಲ್‌ನ ರಸಮಂಜರಿ, ಮದುವೆ ಆರತಕ್ಷತೆ, ಭಜನೆ, ರಾಜ್ಯೋತ್ಸವ ಎಲ್ಲಕ್ಕೂ ಅದೇ ಕೀಬೋರ್ಡ್. ಹುಡುಗರು ಕೈಸಾಲ ಮಾಡಿ ತಗೊಳ್ತಾರೆ, ಮೈಕ್‌ಸೆಟ್ ಅಂಗಡಿಯವರು ಬಾಡಿಗೆಗೆ ಬಿಡೋಣ ಅಂತ ತಗೊಳ್ತಾರೆ. ಆದ್ರೆ ಅಂಗಡಿಯಲ್ಲಿ ಹೆಡ್‌ಫೋನ್ ಹಾಕ್ಕೊಂಡು ಕೇಳಿದಾಗ ಚೆನ್ನಾಗಿತ್ತು ಅನ್ನೋದು ಬೇರೆ, ಸ್ಟೇಜ್ ಮುಂದೆ ಏಳೆಂಟು ಗಂಟೆ ದುಡಿಯೋದು ಬೇರೆ.

ಕಾಲು ಹಾರ್ಮೋನಿಯಂನ ಮೊಮ್ಮಕ್ಕಳು

ಹಾರ್ಮೋನಿಯಂ ನಮ್ಮ ನೆಲದ್ದಲ್ಲ. 1840ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಆದ ವಾದ್ಯ ಅದು. ಕಾಲಲ್ಲಿ ತಿದಿ ತುಳಿದು ನುಡಿಸ್ತಿದ್ದ ಆ ಪೆಟ್ಟಿಗೆಯನ್ನ ಕೈತಿದಿಯ ಪೆಟ್ಟಿಗೆ ಮಾಡಿ ನೆಲದ ಮೇಲೆ ಕೂತು ನುಡಿಸೋ ಹಾಗೆ ಬದಲಾಯಿಸಿದ್ದು 19ನೇ ಶತಮಾನದ ಕೊನೇ ಭಾಗದಲ್ಲಿ, ಕಲ್ಕತ್ತೆಯಲ್ಲಿ. ಅಲ್ಲಿನ ದ್ವಾರಕಾನಾಥ್ ಘೋಷ್ ಅವರ ಹೆಸರು ಈ ವಿಚಾರದಲ್ಲಿ ಮೊದಲು ಬರತ್ತೆ. ಆದ್ರೆ ಕಂಪನಿ ನಾಟಕದವರು ಕಾಲು ಹಾರ್ಮೋನಿಯಂ ಬಿಡಲಿಲ್ಲ. ಕಾರಣ ಸರಳ: ಕಾಲು ತಿದಿ ತುಳಿದ್ರೆ ಎರಡೂ ಕೈ ಮನೆಗಳ ಮೇಲೆ ಓಡಾಡಬಹುದು, ಸದ್ದೂ ದೊಡ್ಡದು, ಮೈಕಿಲ್ಲದ ಕಾಲದಲ್ಲಿ ಕೊನೇ ಸಾಲಿನವರೆಗೆ ಕೇಳ್ತಿತ್ತು. ಇದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ನಾಡೆಲ್ಲ ಹೆಸರಾದ ಗುಬ್ಬಿ ಕಂಪನಿಯ ಕಾಲದ ರಂಗಸಂಗೀತ ಅಂದ್ರೆ ಕಣ್ಣಮುಂದೆ ಬರೋದೇ ಈ ಕಾಲು ಹಾರ್ಮೋನಿಯಂ. ಹಳ್ಳಿ ನಾಟಕದ ಮೇಷ್ಟ್ರುಗಳ ಪದ್ಯದ ಮಟ್ಟುಗಳೆಲ್ಲ ಅಲ್ಲಿಂದ ಹರಿದು ಬಂದಿದ್ದೇ.

ಅತ್ತ ಅಮೆರಿಕದಲ್ಲಿ ಲಾರೆನ್ಸ್ ಹ್ಯಾಮಂಡ್ ಅನ್ನೋರು 1935ರಲ್ಲಿ ಗಾಳಿಯೇ ಇಲ್ಲದ ಆರ್ಗನ್ ಮಾರುಕಟ್ಟೆಗೆ ತಂದ್ರು. ಒಳಗೆ ಹಲ್ಲಿರೋ ಲೋಹದ ಚಕ್ರಗಳು ತಿರುಗ್ತಾ ಇರತ್ತೆ, ಪಕ್ಕದಲ್ಲೊಂದು ಅಯಸ್ಕಾಂತ, ಅದಕ್ಕೆ ಸುತ್ತಿದ ತಂತಿ. ಚಕ್ರದ ಹಲ್ಲು ಹತ್ತಿರ ಬಂದು ದೂರ ಹೋದ ಹಾಗೆಲ್ಲ ತಂತಿಯಲ್ಲಿ ಸಣ್ಣ ಕರೆಂಟು ಹುಟ್ಟತ್ತೆ, ಅದೇ ಸ್ವರ. 1950ರ ದಶಕದ ಮಧ್ಯದಲ್ಲಿ ಬಂದ ಬಿ-3 ಅನ್ನೋ ಮಾಡೆಲ್‌ನಲ್ಲಿ ಇಂಥ 91 ಚಕ್ರ. ಪೆಡಲು, ಬೆಂಚು ಎಲ್ಲ ಸೇರಿ ತೂಕ 190 ಕೆಜಿ ಆಸುಪಾಸು. ಇದರ ಜೊತೆಗೆ ಲೆಸ್ಲಿ ಅನ್ನೋ ತಿರುಗೋ ಸ್ಪೀಕರ್ ಬೀರು ಬೇರೆ. ಚಕ್ರದ ಆರ್ಗನ್ ತಯಾರಿಕೆ 1970ರ ದಶಕದ ಮಧ್ಯದಲ್ಲಿ ನಿಂತೇ ಹೋಯ್ತು. ಆದ್ರೆ ಆ ಸದ್ದು ಬೇಕು ಅನ್ನೋರು ನಿಲ್ಲಲಿಲ್ಲ. ಹಾಗಾಗಿ ಅದರ ಸದ್ದನ್ನ ಕಂಪ್ಯೂಟರ್ ಚಿಪ್‌ನಲ್ಲಿ ಅನುಕರಣೆ ಮಾಡೋ ಹಗುರ ಕೀಬೋರ್ಡ್‌ಗಳು ಬಂದವು. ಇವಕ್ಕೇ ‘ಆರ್ಗನ್ ಕ್ಲೋನ್’ ಅನ್ನೋದು. ಸ್ವೀಡನ್‌ನ ನಾರ್ಡ್ ಎಲೆಕ್ಟ್ರೋ, ಯಮಹಾದ ವೈಸಿ, ರೋಲ್ಯಾಂಡ್‌ನ ವಿಆರ್, ಈಗ ಸುಜುಕಿ ಕೈಲಿರೋ ಹ್ಯಾಮಂಡ್‌ನ ಎಸ್‌ಕೆ ಸಾಲುಗಳು ಈ ಜಾತಿಯವು. 190 ಕೆಜಿ ಕೆಲಸ ಏಳೆಂಟು ಕೆಜಿಗೆ ಇಳಿದಿದೆ.

ತೆಂಗಿನ ತೋಟದ ನಡುವೆ ಹ್ಯಾಮಂಡ್ ಕತೆ ಯಾಕೆ ಅಂತ ಕೇಳಬಹುದು. ಕಾರಣ ಇದೆ. ಹಾರ್ಮೋನಿಯಂಗೂ ಆರ್ಗನ್‌ಗೂ ಒಂದು ಗುಣ ಸಮ: ಮನೆಯನ್ನ ಮೆತ್ತಗೆ ಒತ್ತಿದ್ರೂ ಜೋರಾಗಿ ಕುಟ್ಟಿದ್ರೂ ಸದ್ದು ಒಂದೇ. ಸದ್ದು ಏರೋದು ಇಳಿಯೋದು ತಿದಿಯಿಂದ, ಆರ್ಗನ್‌ನಲ್ಲಾದ್ರೆ ಕಾಲ ಪೆಡಲಿಂದ. ಪಿಯಾನೋ ಹಾಗಲ್ಲ, ಕುಟ್ಟಿದಷ್ಟೂ ಜೋರು. ಈಗಿನ ಕೀಬೋರ್ಡ್‌ಗಳು ಪಿಯಾನೋ ಲೆಕ್ಕದಲ್ಲಿ ಬೆರಳಿನ ವೇಗ ಅಳೆಯುತ್ತವೆ. ಹಾರ್ಮೋನಿಯಂ ಮೇಷ್ಟ್ರು ಅದರ ಮುಂದೆ ಕೂತು ಹಾರ್ಮೋನಿಯಂ ಟೋನ್ ಹಾಕಿ ನುಡಿಸಿದ್ರೆ ಒಂದು ಸ್ವರ ಕಿರುಚತ್ತೆ, ಇನ್ನೊಂದು ಸತ್ತೇ ಹೋಗತ್ತೆ. ‘ಈ ಡಬ್ಬ ನಂಗಾಗಲ್ಲ’ ಅಂತ ಮೇಷ್ಟ್ರು ಎದ್ದು ಬಿಡ್ತಾರೆ. ಡಬ್ಬದ ತಪ್ಪಲ್ಲ, ಮೇಷ್ಟ್ರದ್ದೂ ಅಲ್ಲ. ಮೆನುವಿನಲ್ಲಿ ಟಚ್ ರೆಸ್ಪಾನ್ಸ್ ಅಂತ ಇರತ್ತೆ, ಅದನ್ನ ಆಫ್ ಮಾಡಿ. ಎಕ್ಸ್‌ಪ್ರೆಶನ್ ಪೆಡಲ್ ಸಿಗಿಸೋ ತೂತು ಇದ್ರೆ ಒಂದು ಪೆಡಲ್ ಹಾಕಿ, ಕಾಲು ಹಾರ್ಮೋನಿಯಂ ತುಳಿದ ಅಭ್ಯಾಸದವರಿಗೆ ಒಂದು ವಾರದಲ್ಲಿ ಹಿಡಿತ ಬರತ್ತೆ. ಕಡಿಮೆ ಬೆಲೆಯ ಬಹುತೇಕ ಕೀಬೋರ್ಡ್‌ಗಳಲ್ಲಿ ಸಸ್ಟೈನ್ ಪೆಡಲ್‌ಗೆ ಮಾತ್ರ ಜಾಗ ಇರತ್ತೆ, ಎಕ್ಸ್‌ಪ್ರೆಶನ್‌ಗೆ ಇರಲ್ಲ. ತಗೊಳ್ಳೋ ಮುಂಚೆ ಹಿಂಭಾಗ ತಿರುಗಿಸಿ ನೋಡಿ. ಒಂದು ಬ್ರ್ಯಾಂಡಿನ ಎಕ್ಸ್‌ಪ್ರೆಶನ್ ಪೆಡಲ್ ಇನ್ನೊಂದಕ್ಕೆ ಸರಿಯಾಗಿ ಕೆಲಸ ಮಾಡದೇ ಇರಬಹುದು, ಒಳಗಿನ ವೈರಿಂಗ್ ಬೇರೆ ಬೇರೆ. ಹಾಗಾಗಿ ಪೆಡಲನ್ನೂ ಅದೇ ಕೀಬೋರ್ಡ್‌ಗೆ ಹಾಕಿ ತುಳಿದು ನೋಡಿಯೇ ದುಡ್ಡು ಕೊಡಿ.

ಯಾರಿಗೆ ಯಾವುದು?

ಅಂಗಡಿಯಲ್ಲಿ ಸಿಗೋದನ್ನ ಮೂರು ಜಾತಿ ಅಂತ ಇಟ್ಕೊಳ್ಳಿ. ಮೊದಲನೇದು ಅರೇಂಜರ್. ಎಡಗೈಯಲ್ಲಿ ಕಾರ್ಡ್ ಹಿಡಿದ್ರೆ ತಬಲ, ಡ್ರಮ್, ಬೇಸ್ ಎಲ್ಲ ತಾನೇ ಹೊಡೆಯೋದು. ಯಮಹಾ ಪಿಎಸ್ಆರ್-ಐ500, ಕ್ಯಾಸಿಯೋ ಸಿಟಿ-ಎಕ್ಸ್9000ಐಎನ್ ಇವೆಲ್ಲ ಇಂಡಿಯಾಕ್ಕೇ ಅಂತ ಮಾಡಿದ ಮಾಡೆಲ್‌ಗಳು, ನಮ್ಮ ವಾದ್ಯಗಳ ಟೋನು, ತಾಳಗಳು ಒಳಗೇ ಇರತ್ತೆ. ಇದರ ಮೇಲಿನ ಮೆಟ್ಟಿಲು ಕೋರ್ಗ್‌ನ ಪಿಎ ಸಾಲು. ಒಬ್ಬರೇ ಹೋಗಿ ಮದುವೆ ಮನೆಯಲ್ಲಿ ಹಾಡು ನಡೆಸೋರಿಗೆ, ಕರೋಕೆ ಥರ ಮಾಡೋರಿಗೆ ಅರೇಂಜರ್ ಸರಿ.

ಎರಡನೇದು ಸ್ಟೇಜ್ ಸಿಂಥ್. ತಾನೇ ತಾಳ ಹೊಡೆಯೋದಕ್ಕಿಂತ ಟೋನ್‌ಗಳ ಗುಣಮಟ್ಟ, ಬೇಗ ಬದಲಾಯಿಸೋ ಅನುಕೂಲ ಇಲ್ಲಿ ಮುಖ್ಯ. ರೋಲ್ಯಾಂಡ್ ಎಕ್ಸ್‌ಪಿಎಸ್-10 ಈ ಸೀಮೆಯ ಆರ್ಕೆಸ್ಟ್ರಾದವರ ಕೈಯಲ್ಲಿ ಅಷ್ಟೊಂದು ಕಾಣಿಸೋದು ಸುಮ್ಮನೆ ಅಲ್ಲ. ನಾಲ್ಕು ಕೆಜಿ ಆಸುಪಾಸಿನ ತೂಕ, ಭಾರತೀಯ ಟೋನು ಒಳಗೇ ಇದೆ. ನಾಟಕಕ್ಕೆ, ತಬಲ ಮತ್ತು ಪ್ಯಾಡ್ ನುಡಿಸೋರು ಬೇರೆ ಇರೋ ತಂಡಕ್ಕೆ ಈ ಜಾತಿಯೇ ಹೊಂದೋದು. ಅಲ್ಲಿ ಅರೇಂಜರ್ ತಾಳ ಹಾಕಿದ್ರೆ ತಬಲದವರ ಜೊತೆ ಜಗಳ ಗ್ಯಾರಂಟಿ. ಪದ್ಯ ಹೇಳೋರು ತಮ್ಮ ಮನಸ್ಸಿಗೆ ಬಂದಷ್ಟು ಎಳೀತಾರೆ, ಮೆಷಿನ್ ತಾಳ ಕಾಯಲ್ಲ.

ಮೂರನೇದು ಆರ್ಗನ್ ಕ್ಲೋನ್. ನೇರವಾಗಿ ಹೇಳಬೇಕು ಅಂದ್ರೆ ನಮ್ಮ ಮೂರು ತಾಲೂಕಿನ ಕಾರ್ಯಕ್ರಮಗಳಿಗೆ ಇದು ಬೇಕಾಗೋದು ಬಹಳ ಅಪರೂಪ. ಚರ್ಚ್ ಹಾಡಿಗೆ, ಇಂಗ್ಲಿಷ್ ಹಾಡಿನ ಬ್ಯಾಂಡಿಗೆ ಸರಿ. ಯೂಟ್ಯೂಬ್‌ನಲ್ಲಿ ಕೆಂಪು ಬಣ್ಣದ ನಾರ್ಡ್ ನೋಡಿ ಆಸೆ ಬೀಳೋ ಹುಡುಗರು ಮೊದಲು ಒಂದು ವಿಷಯ ತಿಳ್ಕೊಳ್ಳಲಿ: ಅದರಲ್ಲಿ ತಬಲ ತಾಳ ಇರಲ್ಲ, ಸಿಕ್ಕ ಸಿಕ್ಕ ಹಾಡಿಗೆ ಸ್ಟೈಲ್ ಇರಲ್ಲ, ಸ್ಪೀಕರ್ ಕೂಡ ಇರಲ್ಲ. ಬೆಲೆ ಮಾತ್ರ ಎರಡು ಲಕ್ಷದ ಲೆಕ್ಕ.

ಆದ್ರೆ ಕ್ಲೋನಿಂದ ಕಲಿಯೋ ಒಂದು ಉಪಾಯ ಇದೆ. ಹಾರ್ಮೋನಿಯಂ ಕೊಳ್ಳುವಾಗ ‘ಬಾಸ್-ಮೇಲ್-ಫೀಮೇಲ್, ಮೂರು ಸಾಲು ರೀಡು’ ಅಂತಾರಲ್ಲ, ಒಂದು ಮನೆ ಒತ್ತಿದ್ರೆ ಅದೇ ಸ್ವರ ಮಂದ್ರದಲ್ಲಿ, ಮಧ್ಯದಲ್ಲಿ, ತಾರದಲ್ಲಿ ಒಟ್ಟಿಗೆ ನುಡಿಯತ್ತೆ. ಆರ್ಗನ್‌ನ ಒಂಬತ್ತು ಡ್ರಾಬಾರ್ ಮಾಡೋದೂ ಇದೇ ಕೆಲಸ. ಎಡದಿಂದ ಮೊದಲನೇದು, ಮೂರನೇದು, ನಾಲ್ಕನೇದು ಎಳೆದು ಉಳಿದಿದ್ದನ್ನ ಒಳಗೆ ತಳ್ಳಿದ್ರೆ ಮೂರು ಸಾಲು ರೀಡಿನ ಜೋಡಣೆ ಸಿಗತ್ತೆ. ಪರ್ಕಶನ್, ರೋಟರಿ ಎರಡೂ ಆಫ್ ಇರಬೇಕು. ರೀಡಿನ ಆ ಖಾರ ಬರಲ್ಲ ನಿಜ, ಆದ್ರೆ ಹಾರ್ಮೋನಿಯಂ ಹಿಂದೆ ಸದ್ದು ತುಂಬೋಕೆ ಚೆನ್ನಾಗಿ ಕೂರತ್ತೆ. ಡ್ರಾಬಾರ್ ಇಲ್ಲದ ಕೀಬೋರ್ಡ್‌ನಲ್ಲಿ ಎರಡು ಹಾರ್ಮೋನಿಯಂ ಟೋನನ್ನ ಒಂದು ಸ್ಥಾಯಿ ಅಂತರದಲ್ಲಿ ಲೇಯರ್ ಮಾಡಿದ್ರೂ ಹತ್ತಿರ ಹತ್ತಿರ ಅದೇ.

ಮನೆಗಳ ಸಂಖ್ಯೆ ವಿಚಾರಕ್ಕೆ ತಲೆ ಕೆಡಿಸ್ಕೋಬೇಡಿ. ಕೈ ಹಾರ್ಮೋನಿಯಂನಲ್ಲಿ ಸಾಮಾನ್ಯವಾಗಿ ಮೂರರಿಂದ ಮೂರೂವರೆ ಸ್ಥಾಯಿ ಇರತ್ತೆ, 61 ಮನೆಯ ಕೀಬೋರ್ಡ್‌ನಲ್ಲಿ ಐದು. ಎಡಭಾಗ ಒಡೆದು ಶ್ರುತಿ ಹಿಡಿಯೋಕೆ ಇಟ್ರೂ ಬಲಗೈಗೆ ಬೇಕಾದಷ್ಟು ಉಳಿಯತ್ತೆ. 88 ಮನೆಯದು ಬೈಕಲ್ಲಿ ಹೋಗಲ್ಲ, ಅಷ್ಟೇ.

ಶ್ರುತಿ: ಎಲ್ಲರೂ ಎಡವೋ ಜಾಗ

ನಮ್ಮ ಮೇಷ್ಟ್ರುಗಳು ಶ್ರುತಿ ಹೇಳೋದು ಕಪ್ಪು-ಬಿಳಿ ಲೆಕ್ಕದಲ್ಲಿ. ಕೀಬೋರ್ಡ್ ಹೇಳೋದು ಇಂಗ್ಲಿಷ್ ಅಕ್ಷರದಲ್ಲಿ. ಬಿಳಿ ಒಂದು ಅಂದ್ರೆ ಸಿ, ಕಪ್ಪು ಒಂದು ಸಿ ಶಾರ್ಪ್, ಕಪ್ಪು ಎರಡು ಡಿ ಶಾರ್ಪ್, ಬಿಳಿ ನಾಲ್ಕು ಎಫ್, ಕಪ್ಪು ಮೂರು ಎಫ್ ಶಾರ್ಪ್. ಪಕ್ಕದ ಮನೆಯಿಂದ ಪಕ್ಕದ ಮನೆಗೆ, ಕಪ್ಪೋ ಬಿಳಿಯೋ ಯಾವುದಾದ್ರೂ ಸರಿ, ಟ್ರಾನ್ಸ್‌ಪೋಸ್ ಲೆಕ್ಕ ಒಂದು. ಬೆರಳು ಕಪ್ಪು ಒಂದರಲ್ಲೇ ಓಡೋ ಅಭ್ಯಾಸ ಇದ್ದು, ಹಾಡೋರು ಕಪ್ಪು ಎರಡು ಕೇಳಿದ್ರೆ ಪ್ಲಸ್ 2. ಕಪ್ಪು ಮೂರು ಕೇಳಿದ್ರೆ ಪ್ಲಸ್ 5. ಬಿಳಿ ಒಂದಕ್ಕೆ ಇಳಿಸಿ ಅಂದ್ರೆ ಮೈನಸ್ 1.

ನಾಟಕದಲ್ಲಿ ಇದು ಒಂದೇ ಸಲದ ಕೆಲಸ ಅಲ್ಲ. ಊರಿನ ಗಂಡಸರ ಶ್ರುತಿ ಒಂದು, ದ್ರೌಪದಿ, ರುಕ್ಮಿಣಿ ಪಾತ್ರಕ್ಕೆ ಹೊರಗಿನಿಂದ ಕರೆಸಿದ ಕಲಾವಿದೆಯರದ್ದು ಇನ್ನೊಂದು. ಎರಡು ಪದ್ಯದ ನಡುವೆ ಮಾತು ಮುಗಿಯೋದ್ರೊಳಗೆ ಬದಲಾಯಿಸಬೇಕು. ಮೆನು ಒಳಗೆ ಮೂರು ಪುಟ ಹೋಗಿ ಟ್ರಾನ್ಸ್‌ಪೋಸ್ ಹುಡುಕೋ ಕೀಬೋರ್ಡ್ ನಾಟಕಕ್ಕೆ ಬೇಡವೇ ಬೇಡ. ಮೇಲೆಯೇ ಎರಡು ಗುಂಡಿ ಇರಬೇಕು, ಮಂದ ಬೆಳಕಲ್ಲೂ ಅಂಕಿ ಕಾಣಬೇಕು. ರಿಜಿಸ್ಟ್ರೇಶನ್ ಮೆಮೊರಿ ಇದ್ರೆ ಇನ್ನೂ ಒಳ್ಳೇದು. ಕೃಷ್ಣನ ಶ್ರುತಿ, ಟೋನು ಸೇರಿ ಒಂದನೇ ಗುಂಡಿ, ದುರ್ಯೋಧನನದು ಎರಡನೇದು, ದ್ರೌಪದಿಯದು ಮೂರನೇದು ಅಂತ ಕೂಡಿಸಿಟ್ಟರೆ, ಕರೆಂಟ್ ಹೋಗಿ ಬಂದ್ರೂ ಒಂದು ಗುಂಡಿ ಒತ್ತಿದ್ರೆ ಮುಗೀತು. ಕೊಳ್ಳುವಾಗ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ: ಟ್ರಾನ್ಸ್‌ಪೋಸ್ ಪ್ಲಸ್ 2 ಇಟ್ಟು ಮೆಮೊರಿಗೆ ಹಾಕಿ, ಪ್ಲಗ್ ಕಿತ್ತು, ಮತ್ತೆ ಹಾಕಿ. ಎಷ್ಟು ಸೆಕೆಂಡಿಗೆ ಎದ್ದೇಳತ್ತೆ, ಪ್ಲಸ್ 2 ವಾಪಸ್ ಬರತ್ತಾ ನೋಡಿ. ಕೆಲವು ಕೀಬೋರ್ಡ್ ಐದಾರು ಸೆಕೆಂಡಲ್ಲಿ ತಯಾರು, ದೊಡ್ಡ ಮೆಷಿನ್‌ಗಳಿಗೆ ಅರ್ಧ ನಿಮಿಷ, ಅದಕ್ಕಿಂತ ಹೆಚ್ಚೂ ಬೇಕು. ಸ್ಟೇಜಿನ ಮೇಲೆ ಅರ್ಧ ನಿಮಿಷ ಅನ್ನೋದು ಒಂದು ಯುಗ.

ಇನ್ನೊಂದು ತೊಂದರೆ ಹಾರ್ಮೋನಿಯಂ ಮತ್ತು ಕೀಬೋರ್ಡ್ ಎರಡೂ ಒಟ್ಟಿಗೆ ನುಡಿಯುವಾಗ. ಕೀಬೋರ್ಡ್ ಫ್ಯಾಕ್ಟರಿಯಿಂದ ಬರೋದು ಎ ಸ್ವರ 440 ಅನ್ನೋ ಲೆಕ್ಕಕ್ಕೆ. ಹಳೇ ಪೆಟ್ಟಿಗೆಯ ರೀಡು ಸವೆದು, ಕೆರೆದು ಅಲ್ಲೇ ನಿಂತಿರಲ್ಲ. ಎರಡನ್ನೂ ಒಂದೇ ಷಡ್ಜದಲ್ಲಿ ಹಿಡಿದ್ರೆ ‘ವಾಂವ್ ವಾಂವ್’ ಅಂತ ಅಲೆ ಥರ ಕೇಳಿಸತ್ತೆ. ಆಗ ಟ್ರಾನ್ಸ್‌ಪೋಸ್ ಮುಟ್ಟಬಾರದು, ಮೆನುವಿನಲ್ಲಿ ಟ್ಯೂನಿಂಗ್ ಅಂತ ಬೇರೆ ಇರತ್ತೆ, ಅದನ್ನ ಕೂದಲೆಳೆಯಷ್ಟು ಏರಿಸಿ ಇಳಿಸಿ. ಅಲೆ ನಿಧಾನ ಆಗ್ತಾ ಆಗ್ತಾ ನಿಂತಲ್ಲಿಗೆ ಸರಿ. ಪೆಟ್ಟಿಗೆ ಬದಲಾಗಲ್ಲ, ಕೀಬೋರ್ಡೇ ಬಗ್ಗಬೇಕು.

ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತ್ತು. ಸ್ವರದಿಂದ ಸ್ವರಕ್ಕೆ ಜಾರೋಕೆ ಬರಲ್ಲ, ಗಮಕ ಬರಲ್ಲ ಅನ್ನೋದು ಅದರ ಮೇಲಿದ್ದ ದೊಡ್ಡ ದೂರು. ಕೀಬೋರ್ಡ್ ಮನೆಗಳಿಗೂ ಅದೇ ದೂರು ಅನ್ವಯ. ಆದ್ರೆ ಎಡಗಡೆ ಪಿಚ್ ಬೆಂಡ್ ಅನ್ನೋ ಚಕ್ರವೋ ಕಡ್ಡಿಯೋ ಇರತ್ತೆ, ಕೊಳಲು, ವೀಣೆ, ಪಿಟೀಲು ಟೋನ್ ನುಡಿಸುವಾಗ ಅದನ್ನ ಸ್ವಲ್ಪ ಎಳೆದ್ರೆ ಜಾರಿಕೆ ಬರತ್ತೆ. ಕನ್ನಡ ಹಾಡು ನುಡಿಸೋರು ಪಿಚ್ ಬೆಂಡ್ ಇಲ್ಲದ ಕೀಬೋರ್ಡ್ ಎಷ್ಟೇ ಅಗ್ಗಕ್ಕೆ ಸಿಕ್ಕಿದ್ರೂ ಮುಟ್ಟಬೇಡಿ.

ಕರೆಂಟು: ಕೀಬೋರ್ಡ್ ಸಾಯೋದು ಇಲ್ಲೇ

ಊರಿನ ಕಾರ್ಯಕ್ರಮಕ್ಕೆ ಬೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ತಗೊಂಡಿದ್ರೂ, ಜನರೇಟರ್ ಇದ್ರೂ, ಸೀರಿಯಲ್ ಲೈಟು, ಫೋಕಸ್, ಆಂಪ್ಲಿಫೈಯರ್ ಎಲ್ಲ ಒಂದೇ ಲೈನಿನ ಮೇಲೆ ಕೂತಿರತ್ತೆ. ವೋಲ್ಟೇಜ್ 170ಕ್ಕೆ ಬೀಳೋದು, ದೊಡ್ಡ ಲೈಟು ಆರಿಸಿದ ಕೂಡಲೇ ಧಿಡೀರ್ ಏರೋದು ಮಾಮೂಲಿ. ಎಲ್ಲಕ್ಕಿಂತ ಕೆಟ್ಟದ್ದು ಮೂರು ಫೇಸ್ ಲೈನಲ್ಲಿ ನ್ಯೂಟ್ರಲ್ ಬಿಟ್ಟುಕೊಳ್ಳೋದು. ಆಗ 230 ಬರಬೇಕಾದ ಪ್ಲಗ್‌ನಲ್ಲಿ 400ರ ಹತ್ತಿರ ಬರಬಹುದು. ಆ ಹೊತ್ತಲ್ಲಿ ಸಿಗಿಸಿದ್ದು ಏನೇ ಇರಲಿ ಹೊಗೆ.

ಕೀಬೋರ್ಡ್ ಹೀರೋ ಕರೆಂಟು ತುಂಬಾ ಕಡಿಮೆ. 12 ವೋಲ್ಟ್, 1.5 ಆಂಪಿಯರ್ ಅಡಾಪ್ಟರ್ ಅಂದ್ರೆ ಹೆಚ್ಚೆಂದ್ರೆ 18 ವ್ಯಾಟ್, ಒಂದು ಎಲ್‌ಇಡಿ ಬಲ್ಬಿನಷ್ಟು. ಹಾಗಾಗಿ ಕಂಪ್ಯೂಟರ್‌ಗೆ ಹಾಕೋ ಸಾಧಾರಣ 600 ವಿಎ ಯುಪಿಎಸ್ ಒಂದನ್ನ ಮಧ್ಯ ಇಟ್ಟರೆ ಸಾಕು, ಜನರೇಟರ್ ಕೆಮ್ಮಿದ್ದು ಕೀಬೋರ್ಡ್‌ಗೆ ಗೊತ್ತೇ ಆಗಲ್ಲ. ಭೀಮನ ಪದ್ಯ ಉಳಿಯೋದು ಈ ಯುಪಿಎಸ್‌ನಿಂದ. ಆದ್ರೆ ಅದಕ್ಕೆ ಆಂಪ್ಲಿಫೈಯರ್ ಸಿಗಿಸೋ ಆಸೆ ಬೇಡ, ಅದು ತಡೆಯಲ್ಲ. ಸೆಲ್ಲಲ್ಲಿ ಓಡೋ ಕೀಬೋರ್ಡ್‌ಗಳೂ ಇವೆ. ಯಮಹಾ, ಕ್ಯಾಸಿಯೋ ಪೋರ್ಟಬಲ್‌ಗಳಲ್ಲಿ ಎಷ್ಟೋ ಮಾಡೆಲ್‌ಗೆ ಅಡಿಯಲ್ಲಿ ಸೆಲ್ ಹಾಕೋ ಜಾಗ ಇರತ್ತೆ, ರೋಲ್ಯಾಂಡ್ ಜೂನೋ-ಡಿಎಸ್61 ಎಂಟು ಪೆನ್‌ಸೆಲ್ಲಲ್ಲಿ ಓಡತ್ತೆ. ದೇವರ ಮೆರವಣಿಗೆ, ಟ್ರ್ಯಾಕ್ಟರ್ ಮೇಲೆ ಭಜನೆ ಹೋಗೋರಿಗೆ ಇದು ದೊಡ್ಡ ಅನುಕೂಲ.

ಅಡಾಪ್ಟರ್ ವಿಚಾರದಲ್ಲಿ ಅಂಗಡಿಯವರು ಹುಷಾರಾಗಿರಬೇಕು. ಪಿನ್ ಗಾತ್ರ ಹೊಂದಿದ ಮಾತ್ರಕ್ಕೆ ಸರಿ ಅಂತಲ್ಲ. ಒಂದು ಕಂಪನಿಯದರಲ್ಲಿ ಪಿನ್ ಒಳಗೆ ಪ್ಲಸ್, ಇನ್ನೊಂದರಲ್ಲಿ ಹೊರಗೆ ಪ್ಲಸ್, ಒಂದು 9 ವೋಲ್ಟ್, ಇನ್ನೊಂದು 12. ಕೀಬೋರ್ಡ್ ಹಿಂದೆ ಮತ್ತು ಅಡಾಪ್ಟರ್ ಮೇಲೆ ವೃತ್ತ, ಚುಕ್ಕೆ, ಪ್ಲಸ್, ಮೈನಸ್ ಇರೋ ಚಿಕ್ಕ ಚಿತ್ರ ಇರತ್ತೆ. ಎರಡೂ ಒಂದೇ ಥರ ಇರಬೇಕು, ವೋಲ್ಟ್ ಒಂದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬಹುದು. ಅಮೆರಿಕದಲ್ಲಿರೋ ಮಗನೋ ಅಳಿಯನೋ ತಂದುಕೊಟ್ಟ ಕೀಬೋರ್ಡ್ ಆದ್ರೆ ಅಡಾಪ್ಟರ್ ಮೇಲೆ 100-240 ಅಂತ ಬರೆದಿದೆಯಾ ಓದಿ. ಬರೀ 120 ಅಂತಿದ್ರೆ ನಮ್ಮ ಪ್ಲಗ್‌ಗೆ ಹಾಕಿದ ಕ್ಷಣ ಸುಟ್ಟು ಹೋಗತ್ತೆ. ಹಳೇ ಕಾಲದ ಭಾರದ ಅಡಾಪ್ಟರ್‌ಗಳಿಗಿಂತ 100-240 ಬರೆದಿರೋ ಹಗುರದವು ನಮ್ಮ ಊರುಗಳಿಗೆ ವಾಸಿ, ವೋಲ್ಟೇಜ್ ಬಿದ್ರೂ ಕೊಡಬೇಕಾದ್ದನ್ನ ಕೊಡ್ತಾವೆ.

ಸಸ್ಟೈನ್ ಪೆಡಲ್ ಮೇಲೆ ಕಾಲಿಟ್ಟುಕೊಂಡು ಸ್ವಿಚ್ ಹಾಕಬೇಡಿ. ಎಷ್ಟೋ ಕೀಬೋರ್ಡ್‌ಗಳು ಆನ್ ಆಗುವಾಗ ಪೆಡಲ್ ಯಾವ ಜಾತಿಯದ್ದು ಅಂತ ನೋಡ್ಕೊಳ್ತಾವೆ. ಆಗ ತುಳಿದಿದ್ರೆ ರಾತ್ರಿಯೆಲ್ಲ ತಿರುಗಾ ಮುರುಗಾ.

ಮೈಕ್‌ಸೆಟ್‌ನವರ ಕಡೆಯಿಂದ

ಕೀಬೋರ್ಡ್ ಹಿಂದೆ ಎರಡು ಔಟ್ ಇರತ್ತೆ. ಒಂದೇ ವೈರ್ ಎಳೆಯೋದಾದ್ರೆ ‘ಎಲ್/ಮೋನೋ’ ಅಂತ ಬರೆದಿರೋದಕ್ಕೇ ಹಾಕಬೇಕು. ಇನ್ನೊಂದಕ್ಕೆ ಹಾಕಿದ್ರೆ ಅರ್ಧ ಸದ್ದು ನುಂಗಿ ಹೋಗತ್ತೆ, ಪಿಯಾನೋದ ಎಡಗೈಯೇ ಕೇಳಿಸದೆ ಇರಬಹುದು. ಮಿಕ್ಸರ್ ದೂರ ಇದ್ರೆ ಆ ಸಾದಾ ವೈರ್ ಗುಂಯ್ ಅಂತ ಎಳ್ಕೊಂಡು ಬರತ್ತೆ. ಮಧ್ಯ ಡಿಐ ಬಾಕ್ಸ್ ಅನ್ನೋ ಪುಟ್ಟ ಡಬ್ಬ ಇಟ್ಟು ಮೈಕ್ ವೈರಲ್ಲಿ ಕಳಿಸಿದ್ರೆ ಗುಂಯ್ ಬಹುಪಾಲು ಹೋಗತ್ತೆ. ಆಗಲೂ ಉಳಿದ್ರೆ ಡಬ್ಬದ ಮೇಲೆ ಗ್ರೌಂಡ್ ಲಿಫ್ಟ್ ಸ್ವಿಚ್ ಇದೆ, ಅದನ್ನ ಒತ್ತಿ. ಗುಂಯ್ ಹೋಗಲಿ ಅಂತ ಆಂಪ್ಲಿಫೈಯರ್ ಪ್ಲಗ್‌ನ ಅರ್ತ್ ಪಿನ್ ಮುರಿಯೋದು, ವೈರ್ ಕಟ್ ಮಾಡೋದು ಕೆಲವರ ಅಭ್ಯಾಸ. ಅರ್ತ್ ಇಲ್ಲದ ಸೆಟ್‌ಗೆ ಕರೆಂಟು ಸೋರಿದ್ರೆ ಒದ್ದೆ ಕಾಲಲ್ಲಿ ನಿಂತು ಮೈಕ್ ಹಿಡಿದವನ ಪ್ರಾಣಕ್ಕೇ ಬರತ್ತೆ.

ನಾಟಕ, ಆರ್ಕೆಸ್ಟ್ರಾ ಸೀಸನ್ ನಂಬಿರೋ ಮೈಕ್‌ಸೆಟ್ ಅಂಗಡಿಯವರು ಬಾಡಿಗೆಗೆ ಅಂತ ದುಬಾರಿ ಕೀಬೋರ್ಡ್ ತರೋದಕ್ಕಿಂತ ಒಂದು ಗಟ್ಟಿ ಎಕ್ಸ್ ಸ್ಟ್ಯಾಂಡ್, ಎರಡು ಡಿಐ ಬಾಕ್ಸ್, ಒಂದು ಯುಪಿಎಸ್, ನುಡಿಸೋರ ಕಿವಿ ಹತ್ತಿರ ಇಡೋಕೆ ಒಂದು ಚಿಕ್ಕ ಮಾನಿಟರ್ ಸ್ಪೀಕರ್ ಇಟ್ಕೊಂಡ್ರೆ ಹೆಚ್ಚು ಉಪಯೋಗ. ಒಳ್ಳೇ ಪ್ಲೇಯರ್ ತನ್ನ ಕೀಬೋರ್ಡ್ ತಾನೇ ತರ್ತಾನೆ, ಕೈಗೆ ಕೂತಿರೋದು ಅದೇ. ಸ್ಟ್ಯಾಂಡು, ವೈರು, ಮಾನಿಟರ್ ಮಾತ್ರ ಪ್ರತಿ ಸಲ ಇನ್ನೊಬ್ಬರ ಹತ್ರ ಕೇಳ್ತಾನೆ.

ಸೆಕೆಂಡ್ ಹ್ಯಾಂಡ್ ಆದ್ರೆ

ಹೊಸದರ ಬೆಲೆ ತಿಂಗಳಿಗೊಂದು ಥರ. ಅಂದಾಜಿಗೆ ಹೇಳೋದಾದ್ರೆ ಶುರುವಿನ ಅರೇಂಜರ್‌ಗಳು ಹತ್ತಿಪ್ಪತ್ತು ಸಾವಿರದಿಂದ, ಸ್ಟೇಜ್ ಸಿಂಥ್ ಅರ್ಧ ಲಕ್ಷದ ಆಸುಪಾಸಿನಿಂದ. 2024ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತು ಮಾಡಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ. ಆ ಲೆಕ್ಕದಲ್ಲಿ ಅರ್ಧ ಲಕ್ಷದ ಕೀಬೋರ್ಡ್ ಅಂದ್ರೆ ನಾಲ್ಕು ಕ್ವಿಂಟಲ್‌ಗೂ ಮೇಲೆ, ವರ್ಷ ಹತ್ತಿರ ಅಟ್ಟದಲ್ಲಿ ಒಣಗಿದ ಕೊಬ್ಬರಿ. ಎರಡು ಲಕ್ಷದ ಕ್ಲೋನ್ ಹದಿನಾರು, ಹದಿನೇಳು ಕ್ವಿಂಟಲ್. ಹಾಗಾಗಿ ಹುಡುಗರು ಹಳೇದನ್ನ ಹುಡುಕೋದು ಸಹಜ, ತಪ್ಪೂ ಅಲ್ಲ.

ಹಳೇದನ್ನ ನೋಡೋಕೆ ಹೋದಾಗ ಹಾಡು ನುಡಿಸಬೇಡಿ. ಮೊದಲು ಎಡತುದಿಯಿಂದ ಬಲತುದಿಗೆ ಒಂದೊಂದೇ ಮನೆ, ಒಂದೇ ಒತ್ತಡದಲ್ಲಿ, ನಿಧಾನಕ್ಕೆ ಒತ್ತಿ. ಯಾವುದೋ ಒಂದು ಮನೆ ಮಾತ್ರ ಧಡ್ ಅಂತ ಪೂರ್ತಿ ಜೋರಾಗಿ ಬಂತು ಅಂದ್ರೆ, ಇಲ್ಲ ಬರಲೇ ಇಲ್ಲ ಅಂದ್ರೆ, ಅಡಿಯ ರಬ್ಬರ್ ಕಾಂಟ್ಯಾಕ್ಟ್‌ಗೆ ಧೂಳು ಕೂತಿದೆ ಅಂತ. ಪ್ರತಿ ಮನೆಯಡಿ ಎರಡು ಕಾಂಟ್ಯಾಕ್ಟ್ ಇರತ್ತೆ. ಮೊದಲನೇದು ಮುಟ್ಟಿ ಎರಡನೇದು ಮುಟ್ಟೋಕೆ ಎಷ್ಟು ಹೊತ್ತಾಯ್ತು ಅನ್ನೋದರ ಮೇಲೆ ಸದ್ದಿನ ಜೋರು ನಿರ್ಧಾರ ಆಗತ್ತೆ. ಒಂದು ಕೆಟ್ಟರೆ ಲೆಕ್ಕ ತಪ್ಪತ್ತೆ. ಇದು ಬಿಚ್ಚಿ ಒರೆಸಿದ್ರೆ ಸರಿ ಹೋಗೋ ಕಾಯಿಲೆ, ಹೆದರಬೇಕಾಗಿಲ್ಲ, ಬೆಲೆ ಇಳಿಸೋಕೆ ಒಂದು ಮಾತು ಸಿಕ್ಕ ಹಾಗಾಯ್ತು. ಆದ್ರೆ ಅರ್ಧ ಗಂಟೆ ಆನ್ ಇಟ್ಟ ಮೇಲೆ ತಾನಾಗಿ ಆಫ್ ಆದ್ರೆ, ಸ್ಕ್ರೀನ್ ಮಿನುಗಿದ್ರೆ ಅದು ಬೋರ್ಡಿನ ಕಾಯಿಲೆ, ವಾಪಸ್ ಬಂದ್ಬಿಡಿ. ಪಿಚ್ ಬೆಂಡ್ ಎಳೆದು ಬಿಟ್ಟಾಗ ಸ್ವರ ತಿರುಗಿ ಅದೇ ಜಾಗಕ್ಕೆ ಬರಬೇಕು, ಕೂದಲಷ್ಟು ಮೇಲೆ ನಿಂತ್ರೂ ರಾತ್ರಿಯೆಲ್ಲ ಅಪಶ್ರುತಿ. ಔಟ್ ತೂತಿಗೆ ವೈರ್ ಹಾಕಿ ಅಲ್ಲಾಡಿಸಿ, ಕರಕರ ಅಂದ್ರೆ ಜಾಕ್ ಸಡಿಲ. ಪೆನ್‌ಡ್ರೈವ್ ಓದತ್ತಾ ನೋಡಿ. ಅಡಾಪ್ಟರ್ ಮೂಲದ್ದಾ ಕೇಳಿ. ಮೊದಲ ಬಿಲ್ ಇದ್ರೆ ಅದರ ಮೇಲಿನ ಸೀರಿಯಲ್ ನಂಬರು, ಕೀಬೋರ್ಡ್ ಅಡಿಯ ನಂಬರು ಒಂದೇ ಇದೆಯಾ ತಾಳೆ ನೋಡಿ. ಕದ್ದ ಮಾಲು ಕೈಗೆ ಬಂದ್ರೆ ದುಡ್ಡೂ ಹೋಯ್ತು, ಸ್ಟೇಷನ್ ಮೆಟ್ಟಿಲೂ ಹತ್ತಬೇಕಾಯ್ತು.

ತೂಕದ ಲೆಕ್ಕ ಬರೀ ಕೀಬೋರ್ಡಿನದ್ದಲ್ಲ. ನಾಲ್ಕು ಕೆಜಿ ಕೀಬೋರ್ಡ್‌ಗೆ ಸ್ಟ್ಯಾಂಡು, ಬ್ಯಾಗು, ಪೆಡಲು, ಅಡಾಪ್ಟರ್ ಸೇರಿದ್ರೆ ಹತ್ತರ ಹತ್ತಿರ ಬರತ್ತೆ. ಬೈಕಿನ ಹಿಂದೆ ಅಡ್ಡ ಕಟ್ಟಿದ್ರೆ 61 ಮನೆಯದು ಒಂದು ಮೀಟರ್ ಉದ್ದ, ಎದುರಿನ ಬಸ್ಸಿಗೆ ತಾಗತ್ತೆ. ಬೆನ್ನಿಗೆ ನೇತಾಕೋ ದಪ್ಪ ಸ್ಪಂಜಿನ ಬ್ಯಾಗ್ ತಗೊಂಡು ಉದ್ದಕ್ಕೆ ಇಟ್ಕೊಳ್ಳಿ.

ಒಂದು ಹಳೇ ಪಂಚೆ ಕೂಡ ಬ್ಯಾಗಲ್ಲಿರಲಿ. ಫೋಕಸ್ ಲೈಟಿಗೆ ಬರೋ ಹುಳುಗಳೆಲ್ಲ ಕೊನೆಗೆ ಬೀಳೋದು ಸ್ಟೇಜ್ ಮುಂದೆ ತೆರೆದಿಟ್ಟಿರೋ ಮನೆಗಳ ಸಂದಿಗೇ, ಬೆಳಗಿನ ಜಾವದ ಇಬ್ಬನಿಯೂ ಅಲ್ಲೇ. ಬರೀ ಮಾತಿನ ಸೀನ್ ಬಂದಾಗ ಪಂಚೆ ಹೊದಿಸಿ, ಪದ್ಯ ಬಂದಾಗ ತೆಗೀರಿ. ಟೀ ಲೋಟವನ್ನ ಕೀಬೋರ್ಡ್ ಮೇಲೆ ಇಡೋಕೆ ಯಾರೇ ಬಂದ್ರೂ, ಅವರು ದುರ್ಯೋಧನನ ವೇಷದಲ್ಲೇ ಇದ್ರೂ, ಬಿಡಬೇಡಿ.